ಇನ್ಸುಲಿನ್ ಬಾಟ್ಲಿ ಬಿಟ್ಟು ಪೆನ್ನಿಗೆ ಬಂದ ಕಥೆ

ನಾನು ಬಹಳ ವರ್ಷಗಳಿಂದ ಇನ್ಸುಲಿನ್ ಚುಚ್ಚಿಕೊಳ್ಳುವವನು. 30/70 ಮಿಕ್ಸ್ (30 ಭಾಗ ಬೇಗ, 70 ಭಾಗ ನಿಧಾನ ಕೆಲಸ ಮಾಡುವ ಇನ್ಸುಲಿನ್), ಬೆಳಿಗ್ಗೆ 24 ಯೂನಿಟ್, ರಾತ್ರಿ 16. ಇಷ್ಟು ಕಾಲ ಬಾಟ್ಲಿ ಮತ್ತು ಸಿರಿಂಜಿನಲ್ಲೇ ನಡೆಯುತ್ತಿತ್ತು. ಈ ಬೇಸಿಗೆಯಲ್ಲಿ ಕಣ್ಣು ಕೈಕೊಟ್ಟಿತು, ಸಿರಿಂಜಿನ ಸಣ್ಣ ಗೆರೆ ಕಾಣುವುದಿಲ್ಲ, 22 ಯಾವುದು 24 ಯಾವುದು ಅಂತ ದಿನಾ ಬೆಳಿಗ್ಗೆ ಟ್ಯೂಬ್‌ಲೈಟ್ ಕೆಳಗೆ ನಿಂತು ಹುಡುಕುವುದು. ಡಾಕ್ಟರಿಗೆ ಹೇಳಿದೆ. "ಪೆನ್ನಿಗೆ ಬನ್ನಿ, ತಿರುಗಿಸಿದರೆ ಟಕ್ ಟಕ್ ಅನ್ನುತ್ತದೆ, ಒಂದು ಟಕ್‌ಗೆ ಒಂದು ಯೂನಿಟ್" ಅಂದರು. ಬರೆಯುವ ಪೆನ್ನಿನ ಹಾಗೆ ಕಾಣುವ, ಇನ್ಸುಲಿನ್ ಚುಚ್ಚುವ ಸಾಧನ ಅದು. ಅರ್ಧ ದಿನದ ಕೆಲಸ ಅಂದುಕೊಂಡು ಅಂಗಡಿ ಬೀಗ ಹಾಕಿ ಹೊರಟೆ. ಏಪ್ರಿಲ್‌ನಲ್ಲಿ ಶುರುವಾದ ಈ ಮಂಡೆಬಿಸಿ ಒಂದು ದಾರಿಗೆ ಬರುವಾಗ ಮಳೆಗಾಲ ಅರ್ಧ ಕಳೆದಿತ್ತು. ಪೆನ್ನಿಗೆ ಹೋಗುವ ಯೋಚನೆ ಇರುವವರಿಗೆ ಉಪಯೋಗ ಆಗಲಿ ಅಂತ ನಡೆದ ಹಾಗೆ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಡೋಸ್ ವಿಷಯದಲ್ಲಿ ನಿಮ್ಮ ಡಾಕ್ಟರ ಮಾತೇ ಕೊನೆ.

ಮೊದಲ ತೊಂದರೆ ಚೀಟಿಯಲ್ಲೇ ಇತ್ತು. ಅದರಲ್ಲಿ ಇನ್ಸುಲಿನ್ ಹೆಸರು, ಪಕ್ಕದಲ್ಲಿ ಕಾರ್ಟ್ರಿಜ್ (ಪೆನ್ನಿನ ಒಳಗೆ ಕೂರಿಸುವ, ಇನ್ಸುಲಿನ್ ತುಂಬಿದ ಸಣ್ಣ ಕೊಳವೆ) ಅಂತ, ಅಷ್ಟೇ. ಮೆಡಿಕಲ್‌ನಲ್ಲಿ ಕೇಳಿದರೆ ಕಾರ್ಟ್ರಿಜ್ ಉಂಟು, ಪೆನ್ ಇಲ್ಲ. ನಮ್ಮ ಉಡುಪಿಯ ಕಲ್ಸಂಕದ ಹತ್ತಿರ ಇನ್ನೊಂದು ಮೆಡಿಕಲ್‌ಗೆ ಹೋದೆ. ಪೆನ್ ಉಂಟು, ಆದರೆ ಬೇರೆ ಕಂಪೆನಿಯದ್ದು. ಎಂತ ವ್ಯತ್ಯಾಸ, ಪೆನ್ ಪೆನ್ನೇ ಅಲ್ವಾ ಅಂದರೆ ಆಗುವುದಿಲ್ಲ ಮಾರಾಯ್ರೆ. ನೋವೋಪೆನ್ನಿಗೆ ಪೆನ್‌ಫಿಲ್ ಕಾರ್ಟ್ರಿಜ್, ಹ್ಯೂಮಾಪೆನ್ನಿಗೆ ಲಿಲ್ಲಿಯದ್ದು, ಆಲ್‌ಸ್ಟಾರ್‌ಗೆ ಸನೋಫಿಯದ್ದು, ಇನ್ಸುಪೆನ್ನಿಗೆ ಬಯೋಕಾನ್‌ದು. ಎಲ್ಲವೂ 3 ಎಂಎಲ್, ನೋಡಲು ಹೆಚ್ಚು ಕಡಿಮೆ ಒಂದೇ. ಹಾಗಂತ ಒತ್ತಾಯದಿಂದ ಬೇರೆ ಪೆನ್ನಿಗೆ ತುರುಕಿದರೆ ಡೋಸ್ ಸರಿಯಾಗಿ ಬರುತ್ತದೆ ಅನ್ನುವ ಗ್ಯಾರಂಟಿ ಇಲ್ಲ. ಪುಣ್ಯಕ್ಕೆ ಸೂಜಿ ಮಾತ್ರ ಹೆಚ್ಚಿನ ಪೆನ್ನುಗಳಿಗೆ ಯಾವ ಕಂಪೆನಿಯದ್ದಾದರೂ ಹೊಂದುತ್ತದೆ. ಹಾಗಾಗಿ ಡಾಕ್ಟರ ಕೋಣೆಯಿಂದ ಹೊರಡುವ ಮೊದಲೇ ಮೂರೂ ಬೇರೆ ಬೇರೆಯಾಗಿ ಬರೆಸಿಕೊಳ್ಳಿ: ಯಾವ ಪೆನ್, ಅದಕ್ಕೆ ಯಾವ ಕಾರ್ಟ್ರಿಜ್, ಎಷ್ಟು ಎಂಎಂ ಸೂಜಿ. ತುಂಬಿಸಿಯೇ ಬರುವ, ಮುಗಿದ ಮೇಲೆ ಬಿಸಾಡುವ ಪೆನ್ ಕೂಡ ಇದೆ. ತಲೆನೋವು ಕಡಿಮೆ, ದುಡ್ಡು ಜಾಸ್ತಿ.

ಪೆನ್ನಿಗೆ ದುಡ್ಡು ಕೊಡಬೇಡಿ, ಕಂಪೆನಿಯವರೇ ಕೊಡುತ್ತಾರೆ ಅಂತ ಮೆಡಿಕಲ್‌ನವರು ಹೇಳಿದರು. ಚೀಟಿಯ ಜೆರಾಕ್ಸ್, ಕಾರ್ಟ್ರಿಜ್ ತಗೊಂಡ ಬಿಲ್, ಫೋನ್ ನಂಬರ್ ಕೊಟ್ಟು ಬಂದೆ. ಆಮೇಲೆ ಕಾಯುವುದು. ಇವತ್ತು ಬರುತ್ತದೆ, ನಾಳೆ ಬರುತ್ತದೆ, ಕಂಪೆನಿಯವರು ಊರಲ್ಲಿಲ್ಲ. ಈ ಗ್ಯಾಪ್‌ನಲ್ಲಿ ಇನ್ನೊಂದು ಮೆಡಿಕಲ್‌ನ ಹುಡುಗ ಒಂದು ಸಲಹೆ ಕೊಟ್ಟ. ಪೆನ್ ಬರುವ ತನಕ ಸಿರಿಂಜಿನಲ್ಲೇ ಕಾರ್ಟ್ರಿಜ್‌ನಿಂದ ಎಳೆದುಕೊಳ್ಳಿ, ಸುಮ್ನೆ ಯಾಕೆ ಇನ್ನೊಂದು ಬಾಟ್ಲಿಗೆ ದುಡ್ಡು ಹಾಕುತ್ತೀರಿ ಅಂತ. ನನಗೂ ಸರಿ ಅನ್ನಿಸಿತ್ತು. ರಾತ್ರಿ ನನ್ನ ಹೆಂಡತಿ ಕನ್ನಡಕ ಹಾಕಿ ಎರಡೂ ಡಬ್ಬಿ ಪಕ್ಕಪಕ್ಕ ಇಟ್ಟು ಓದಿದಳು. ಬಾಟ್ಲಿಯಲ್ಲಿ 40 ಐಯು ಅಂತ ಇದೆ, ಕಾರ್ಟ್ರಿಜ್‌ನಲ್ಲಿ 100 ಐಯು ಅಂತ ಇದೆ, ಇದು ಎಂತದು ಅಂದಳು.

ಇಲ್ಲಿ ಸ್ವಲ್ಪ ನಿಧಾನ ಓದಿ, ಇದು ಪ್ರಾಣದ ಪ್ರಶ್ನೆ. ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಾಟ್ಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಾರ್ಟ್ರಿಜ್‌ನಲ್ಲಿ ಒಂದು ಎಂಎಲ್‌ಗೆ 100 ಯೂನಿಟ್. ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಕಾರ್ಟ್ರಿಜ್‌ನಿಂದ 24ರ ಗೆರೆ ತನಕ ಎಳೆದರೆ ಒಳಗೆ ಬರುವುದು 60 ಯೂನಿಟ್. ಎರಡೂವರೆ ಪಟ್ಟು! ಬೆಳಿಗ್ಗೆ ಅಷ್ಟು ಚುಚ್ಚಿಕೊಂಡು ಅಂಗಡಿಗೆ ಹೋಗಿದ್ದರೆ ಮಧ್ಯಾಹ್ನದ ಒಳಗೆ ನಾನು ಆಸ್ಪತ್ರೆಯಲ್ಲಿರುತ್ತಿದ್ದೆ. ಪೆನ್ನಿನಲ್ಲಿ ಈ ತಾಪತ್ರಯ ಇಲ್ಲ, ಲೆಕ್ಕ ಅದೇ ಮಾಡುತ್ತದೆ, 24 ಅಂದರೆ 24. ಬಾಟ್ಲಿಯಿಂದ ಪೆನ್ನಿಗೆ ಬಂದಾಗ ಯೂನಿಟ್ ಭಾಗಿಸುವುದು ಗುಣಿಸುವುದು ಏನೂ ಬೇಡ, ಡಾಕ್ಟರು ಬರೆದ ನಂಬರೇ. ಪೆನ್ ಕೈಗೆ ಬಂದ ದಿನ ಮನೆಯಲ್ಲಿದ್ದ ಹಳೆ ಸಿರಿಂಜ್ ಎಲ್ಲ ಬೇರೆ ಡಬ್ಬಿಗೆ ಹಾಕಿ ಕಪಾಟಿನ ಮೇಲೆ ಇಟ್ಟೆವು. ಬಿಸಾಡಲಿಲ್ಲ. ಪೆನ್ ಕೆಟ್ಟರೆ ಬಾಟ್ಲಿಗೆ ಅದು ಬೇಕು. ಪೆನ್ ಕೈಗೆ ಬರುವ ತನಕ ಬಾಟ್ಲಿ ಬಿಡಬೇಡಿ, ಕಾರ್ಟ್ರಿಜ್‌ನ ಇಡೀ ಡಬ್ಬಿಯೂ ತಗೊಳ್ಳಬೇಡಿ. ಒಂದೇ ತಗೊಳ್ಳಿ.

ಕೊನೆಗೂ ಪೆನ್ ಬಂತು. ಕಂಪೆನಿಯ ಹುಡುಗ ಅಂಗಡಿಯ ಕೌಂಟರಿನಲ್ಲೇ, ನೋಟ್‌ಬುಕ್ ತಗೊಳ್ಳಲು ಬಂದ ಮಕ್ಕಳ ಎದುರಿಗೆ, ಗಡಿಬಿಡಿಯಲ್ಲಿ ತೋರಿಸಿ ಹೋದ. ಮರುದಿನ ಬೆಳಿಗ್ಗೆ ಪೆನ್ ಹಿಡಿದು ಕೂತಾಗ ಅವನು ಹೇಳಿದ್ದು ಅರ್ಧವೂ ನೆನಪಿಲ್ಲ. ಇಷ್ಟು ವರ್ಷ ಚುಚ್ಚಿಕೊಂಡವನಿಗೆ ಕೈ ನಡುಗಿತು ಅಂದರೆ ನಂಬುತ್ತೀರೋ ಇಲ್ಲವೋ. ಸಿರಿಂಜಿನಲ್ಲಿ ಮದ್ದು ಒಳಗೆ ಹೋಗುವುದು ಕಣ್ಣಿಗೆ ಕಾಣುತ್ತಿತ್ತು. ಇದರಲ್ಲಿ ಒಂದು ಗುಂಡಿ ಒತ್ತುವುದು, ಹೋಯಿತು ಅಂತ ನಂಬುವುದು. ಆ ನಂಬಿಕೆ ಬರಲು ಸಮಯ ಬೇಕಾಯಿತು.

ನಂತರ ಕಲಿತದ್ದನ್ನೆಲ್ಲ ಇಲ್ಲೇ ಹೇಳಿಬಿಡುತ್ತೇನೆ. 30/70 ಮಿಕ್ಸ್ ನಿಂತಲ್ಲಿ ಎರಡು ಪದರ ಆಗುತ್ತದೆ, ಮೇಲೆ ತಿಳಿ, ಅಡಿಯಲ್ಲಿ ಬಿಳಿ. ಪೆನ್ನನ್ನು ಅಂಗೈಗಳ ನಡುವೆ ಹತ್ತು ಸಲ ಉರುಳಿಸಿ, ಮತ್ತೆ ಹತ್ತು ಸಲ ಮೇಲೆ ಕೆಳಗೆ ಮಗುಚಬೇಕು. ಒಳಗಿನ ಸಣ್ಣ ಗಾಜಿನ ಗುಂಡು ಆಚೆ ಈಚೆ ಓಡಿ ಕಲಸುತ್ತದೆ. ಎಲ್ಲ ಒಂದೇ ಸಮ ಬಿಳಿಯಾಗುವ ತನಕ ಮಾಡಿ, ಜೋರಾಗಿ ಕುಲುಕಬೇಡಿ. ಕಾರ್ಟ್ರಿಜ್‌ನಲ್ಲಿ 12 ಯೂನಿಟ್‌ಗಿಂತ ಕಡಿಮೆ ಉಳಿದರೆ ಆ ಗಾಜಿನ ಗುಂಡು ಓಡಲು ಜಾಗ ಇರುವುದಿಲ್ಲ, ಸರಿ ಕಲಸುವುದಿಲ್ಲ. ಆ ಕೊನೆಯ ಸ್ವಲ್ಪ ಬಿಡಲೇಬೇಕು. ಹೊಟ್ಟೆಗೆ ಉರಿಯುತ್ತದೆ, ಆದರೂ ಬಿಡಿ. (ಗ್ಲಾರ್ಜಿನ್ ಥರದ ತಿಳಿ ಇನ್ಸುಲಿನ್ ಆದರೆ ಕಲಸುವ ಕೆಲಸ ಇಲ್ಲ, ಅದು ಮಸುಕಾಗಿ ಕಂಡರೆ ತಗೊಳ್ಳಬಾರದು.)

ಸೂಜಿಗೆ ಎರಡು ಮುಚ್ಚಳ ಇರುತ್ತದೆ. ಹೊರಗಿನದ್ದು ದೊಡ್ಡದು, ಒಳಗಿನದ್ದು ತೆಳು ಕೊಳವೆ. ನಮ್ಮ ಪರಿಚಯದ ಒಬ್ಬರು ಅಜ್ಜಿ ಒಳಗಿನ ಮುಚ್ಚಳ ತೆಗೆಯದೆ ಎಷ್ಟೋ ದಿನ ಹೊಟ್ಟೆಗೆ ಒತ್ತಿ ಒತ್ತಿ, ಒಂಚೂರೂ ನೋವಾಗುವುದಿಲ್ಲ ಅಂತ ಖುಷಿಯಲ್ಲಿದ್ದರಂತೆ. ಶುಗರ್ 400 ದಾಟಿದ ಮೇಲೆ ಗೊತ್ತಾದದ್ದು. ನಗಬೇಡಿ, ಅವರಿಗೆ ಯಾರೂ ಹೇಳಿರಲಿಲ್ಲ.

ಪ್ರತಿ ಸಲ ಚುಚ್ಚುವ ಮೊದಲು ಸೂಜಿ ಮೇಲೆ ಮಾಡಿ 2 ಯೂನಿಟ್ ಗಾಳಿಗೆ ಬಿಡಬೇಕು. ತುದಿಯಲ್ಲಿ ಹನಿ ಕಂಡರೆ ದಾರಿ ಸರಿ ಇದೆ, ಕಾಣದಿದ್ದರೆ ಮತ್ತೊಮ್ಮೆ. ಆಮೇಲೆ ಚುಚ್ಚಿ, ಪೂರ್ತಿ ಒತ್ತಿ, ಡಯಲ್ ಸೊನ್ನೆಗೆ ಬಂದ ಮೇಲೂ ಹತ್ತು ಎಣಿಸುವ ತನಕ ತೆಗೆಯಬಾರದು. ಬೇಗ ತೆಗೆದರೆ ಚರ್ಮದ ಮೇಲೆ ಹನಿ ನಿಲ್ಲುತ್ತದೆ. ಆ ಹನಿ ನಿಮ್ಮ ಡೋಸಿನದ್ದೇ. ನನಗೆ 4 ಎಂಎಂ ಸೂಜಿ ಕೊಟ್ಟರು. ನಾನು ಸ್ವಲ್ಪ ದಪ್ಪ, ಇದು ಸಾಕಾ ಅಂತ ಕೇಳಿದೆ. ದಪ್ಪ ಇದ್ದರೂ ತೆಳ್ಳಗಿದ್ದರೂ ಚರ್ಮದ ದಪ್ಪ ಹೆಚ್ಚು ಕಡಿಮೆ ಒಂದೇ, ನೇರವಾಗಿ ಚುಚ್ಚಿ ಅಂದರು. ಹಳೆ ಸಿರಿಂಜಿಗೆ ಹೋಲಿಸಿದರೆ ನೋವು ಇಲ್ಲವೇ ಇಲ್ಲ ಅನ್ನಬಹುದು. ಪೆನ್ನಿನಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದೇ.

ಖರ್ಚಿನ ಲೆಕ್ಕ ಇಲ್ಲೇ ತಪ್ಪಿ ಹೋಯಿತು. ದಿನಕ್ಕೆ 40 ಯೂನಿಟ್, ಕಾರ್ಟ್ರಿಜ್‌ನಲ್ಲಿ 300, ಅಂದರೆ ಏಳೂವರೆ ದಿನ ಅಂತ ಮೆಡಿಕಲ್‌ನವರು ಹೇಳಿದ್ದರು. ಗಾಳಿಗೆ ಬಿಡುವ 2 ಯೂನಿಟ್ ಎರಡು ಹೊತ್ತಿಗೆ 4 ಆಯಿತು, ಕೊನೆಯಲ್ಲಿ ಉಳಿಯುವುದು ಬೇರೆ. ನಿಜವಾಗಿ ಒಂದು ಕಾರ್ಟ್ರಿಜ್ ಆರು ಆರೂವರೆ ದಿನ ಬಂದರೆ ದೊಡ್ಡದು. ತಿಂಗಳಿಗೆ ಐದು ಬೇಕೇ ಬೇಕು. ಅದೇ 10 ಎಂಎಲ್ ಬಾಟ್ಲಿಯಲ್ಲಿ 400 ಯೂನಿಟ್ ಇರುತ್ತಿತ್ತು, ಬೆಲೆಯೂ ಕಾರ್ಟ್ರಿಜ್‌ಗಿಂತ ಕಡಿಮೆ. ಮೇಲೆ ಸೂಜಿ, ಒಂದಕ್ಕೆ ಹತ್ತರಿಂದ ಇಪ್ಪತ್ತು ರೂಪಾಯಿ, ದಿನಕ್ಕೆ ಎರಡು. ಮೆಡಿಕ್ಲೈಮ್ ಇದೆ, ಆದರೆ ನನ್ನ ಪಾಲಿಸಿಯಲ್ಲಿ ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ, ಮನೆಯಲ್ಲಿ ಕೂತು ಚುಚ್ಚಿಕೊಳ್ಳುವುದಕ್ಕೆ ನಯಾಪೈಸೆ ಇಲ್ಲ. ಕಣ್ಣು ಸರಿ ಇದ್ದು, ಬಾಟ್ಲಿಯಲ್ಲಿ ಶುಗರ್ ಹತೋಟಿಯಲ್ಲಿದ್ದರೆ ಸುಮ್ನೆ ಫ್ಯಾಶನ್‌ಗೆ ಪೆನ್ನಿಗೆ ಬರಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಬಾಟ್ಲಿ ಇನ್ಸುಲಿನ್ ಏನೂ ಕೀಳಲ್ಲ.

ಇಷ್ಟೆಲ್ಲ ಮಾಡಿಯೂ ಮೇ ತಿಂಗಳಲ್ಲಿ ಶುಗರ್ ಇಳಿಯಲಿಲ್ಲ. ಒಂದು ದಿನ ಫಾಸ್ಟಿಂಗ್ 130, ಮರುದಿನ 240, ಊಟ ಅದೇ ಕುಚ್ಚಲಕ್ಕಿ ಗಂಜಿ, ಡೋಸ್ ಅದೇ. ಪೆನ್ನೇ ಸರಿಯಿಲ್ಲ ಅಂತ ನನಗೆ. ಸೆಕೆಗೆ ಇನ್ಸುಲಿನ್ ಹಾಳಾಗಿದೆ ಅಂತ ಹೆಂಡತಿಗೆ. ಡಾಕ್ಟರು ಡೋಸ್ ಜಾಸ್ತಿ ಮಾಡೋಣ ಅಂದರು. ಮಗಳು ಇರುವುದು ಮಂಗಳೂರಿನಲ್ಲಿ. ಅವಳು ಹಠ ಹಿಡಿದು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಶುಗರ್ ಸ್ಪೆಶಲಿಸ್ಟ್ ಹತ್ತಿರ ನಂಬರ್ ಹಾಕಿಸಿದಳು. ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋದದ್ದು, ಪಡುಬಿದ್ರೆ ದಾಟುವಾಗಲೇ ಬೆವರಿ ಅಂಗಿ ಒದ್ದೆ. ಪೆನ್ನು ಟಿಫಿನ್ ಚೀಲದಲ್ಲಿ ಒದ್ದೆ ಬಟ್ಟೆ ಸುತ್ತಿ ಇಟ್ಟಿದ್ದೆ. ಅಲ್ಲಿ ಟೋಕನ್, ರಕ್ತಕ್ಕೆ ಇನ್ನೊಂದು ಸಾಲು, ರಿಪೋರ್ಟಿಗೆ ಮತ್ತೊಂದು. ಹಳೆ ಚೀಟಿ, ಶುಗರ್ ಬರೆದಿಟ್ಟ ಪುಸ್ತಕ, ಪೆನ್, ಕಾರ್ಟ್ರಿಜ್ ಡಬ್ಬಿ, ಉಪಯೋಗಿಸುವ ಸೂಜಿ, ಎಲ್ಲ ತಗೊಂಡು ಹೋಗಿ. ಇಲ್ಲದಿದ್ದರೆ ಎಂತ ಇನ್ಸುಲಿನ್ ಅಂತ ಕೇಳಿದಾಗ ನೀಲಿ ಡಬ್ಬಿಯದ್ದು ಅಂತ ಹೇಳುತ್ತಾ ಕೂರಬೇಕಾಗುತ್ತದೆ. ನನ್ನ ಮುಂದಿನವರು ಹಾಗೇ ಹೇಳುತ್ತಿದ್ದರು.

ಡಾಕ್ಟರಿಗಿಂತ ಮೊದಲು ಒಬ್ಬರು ಸಿಸ್ಟರ್ ಒಳಗೆ ಕರೆದರು. ಡಯಾಬಿಟಿಸ್ ಎಜುಕೇಟರ್ ಅಂತೆ. ಬಂದವರೇ "ನನ್ನೆದುರು ಮಾಡಿ ತೋರಿಸಿ" ಅಂದರು. ಸೂಜಿ ಹಾಕುವುದರಿಂದ ಹಿಡಿದು ಹತ್ತು ಎಣಿಸುವ ತನಕ ಮಾತಾಡದೆ ನೋಡಿದರು. ಎಲ್ಲ ಸರಿ ಇದೆ ಅಂತ ಹೇಳಿ, ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು. ಹೊಕ್ಕುಳಿನ ಎರಡೂ ಬದಿ ಹಲಸಿನ ಬೀಜದಷ್ಟು ದೊಡ್ಡ ಗಂಟುಗಳು. ನನ್ನ ಕೈ ಹಿಡಿದು ಮುಟ್ಟಿಸಿದರು. ಇಷ್ಟು ವರ್ಷ ಇಷ್ಟು ಡಾಕ್ಟರ ಹತ್ತಿರ ಹೋಗಿದ್ದೇನೆ, ಒಬ್ಬರಾದರೂ ಹೊಟ್ಟೆ ಮುಟ್ಟಿ ನೋಡಿರಲಿಲ್ಲ. ಸಿಟ್ಟು ಬಂತು, ಬೇಜಾರೂ ಆಯಿತು.

ಬಾಟ್ಲಿಯ ಕಾಲದಿಂದ ಅದೇ ಜಾಗಕ್ಕೆ ಚುಚ್ಚಿದ್ದರಿಂದ ಬಂದ ಕೊಬ್ಬಿನ ಗಂಟು ಅದು. ಒಂದೇ ಸೂಜಿಯನ್ನು ಮತ್ತೆ ಮತ್ತೆ ಬಳಸಿದರೂ ಬರುವ ಸಂಭವ ಜಾಸ್ತಿ. ಗಂಟಿನಲ್ಲಿ ನೋವು ಗೊತ್ತಾಗುವುದಿಲ್ಲ, ಹಾಗಾಗಿ ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಆದರೆ ಅಲ್ಲಿ ಹಾಕಿದ ಇನ್ಸುಲಿನ್ ಒಂದು ದಿನ ಬೇಗ, ಒಂದು ದಿನ ನಿಧಾನ, ಹೇಗೆ ಬೇಕೋ ಹಾಗೆ ರಕ್ತಕ್ಕೆ ಸೇರುತ್ತದೆ. 130, 240ರ ಆಟ ಅದೇ. ಪೆನ್ನೂ ಸರಿ ಇತ್ತು, ಮದ್ದೂ ಸರಿ ಇತ್ತು.

ಸಿಸ್ಟರ್ ಹೊಟ್ಟೆಯನ್ನು ನಾಲ್ಕು ಭಾಗ ಮಾಡಿ ಕೊಟ್ಟರು. ಗಂಟು ಇಲ್ಲದ ಭಾಗದಲ್ಲಿ ಒಂದು ವಾರ, ಮುಂದಿನ ವಾರ ತೊಡೆ, ಪ್ರತಿ ಸಲ ಹಿಂದಿನ ಜಾಗದಿಂದ ಒಂದು ಬೆರಳಿನ ಅಂತರ. ಇದರ ಜೊತೆ ಡಾಕ್ಟರು ಡೋಸ್ ಇಳಿಸಿದರು! ಏರಿಸಲು ಹೋದದ್ದು ಇಳಿದು ಬಂತು. ಯಾಕೆಂದರೆ ಗಂಟಿನಿಂದ ಒಳ್ಳೆಯ ಜಾಗಕ್ಕೆ ಬಂದ ಕೂಡಲೇ ಅಷ್ಟೇ ಇನ್ಸುಲಿನ್ ಪೂರ್ತಿ ಕೆಲಸ ಮಾಡಿ ಶುಗರ್ ಲೋ ಆಗಬಹುದು. ನಿಮಗೂ ಹೊಟ್ಟೆಯಲ್ಲಿ ಗಂಟು ಸಿಕ್ಕಿದರೆ ನೀವೇ ಜಾಗ ಬದಲಿಸಿ ಸುಮ್ಮನಿರಬೇಡಿ, ಡಾಕ್ಟರಿಗೆ ಹೇಳಿಯೇ ಬದಲಿಸಿ, ಆ ವಾರ ಜಾಸ್ತಿ ಸಲ ಟೆಸ್ಟ್ ಮಾಡಿ. ಮೈ ಬೆವರಿ ಕೈ ನಡುಗಿದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ನಮ್ಮ ಊರಿನ ಸೆಕೆಗೆ ಬೆವರುವುದು ಯಾವುದು, ಲೋ ಆಗಿ ಬೆವರುವುದು ಯಾವುದು ಅಂತ ಮಂಡೆಗೆ ಹೋಗುವುದಿಲ್ಲ. ಹಾಗಾಗಿ ಸಂಶಯ ಬಂದಾಗಲೆಲ್ಲ ಗ್ಲುಕೋಮೀಟರ್ ತೆಗೆಯುತ್ತೇನೆ.

ಸೆಕೆಯ ವಿಷಯ ಬಂತಲ್ಲ. ತೆರೆಯದ ಕಾರ್ಟ್ರಿಜ್ ಫ್ರಿಜ್‌ನಲ್ಲಿ, 2ರಿಂದ 8 ಡಿಗ್ರಿ, ಫ್ರೀಜರ್ ಹತ್ತಿರ ಅಲ್ಲ. ಹೆಪ್ಪುಗಟ್ಟಿದರೆ ಕರಗಿಸಿ ಬಳಸುವ ಹಾಗಿಲ್ಲ, ಬಿಸಾಡುವುದೇ. ಬಳಸುತ್ತಿರುವ ಪೆನ್ ಹೊರಗೆ ಇಡಿ, 30 ಡಿಗ್ರಿ ಒಳಗೆ, ನಾಲ್ಕು ವಾರ ಅಂತ ಕಾಗದದಲ್ಲಿ ಇದೆ. ಕರಾವಳಿಯಲ್ಲಿ ಏಪ್ರಿಲ್ ಮೇಯಲ್ಲಿ 30 ಡಿಗ್ರಿ ಒಳಗೆ ಇರುವ ಕೋಣೆ ಎಲ್ಲಿದೆ ಮಾರಾಯ್ರೆ? ಮಣ್ಣಿನ ಮಡಕೆಯಲ್ಲಿ ನೀರು ಹಾಕಿ ಇಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಒಣ ಹವೆಯ ಊರಿಗೆ ಒಳ್ಳೆಯದು, ನೀರು ಆವಿಯಾದರೆ ತಾನೇ ತಂಪು. ನಮ್ಮಲ್ಲಿ ಗಾಳಿಯೇ ಒದ್ದೆ, ನಮ್ಮ ಮನೆಯ ಮಡಕೆಯಲ್ಲಿ ಹೇಳಿಕೊಳ್ಳುವಷ್ಟು ವ್ಯತ್ಯಾಸ ಆಗಲಿಲ್ಲ. ಡಾಕ್ಟರನ್ನು ಕೇಳಿದ್ದಕ್ಕೆ, ಕಡು ಬೇಸಿಗೆಯಲ್ಲಿ ಸೂಜಿ ಕಳಚಿ ಫ್ರಿಜ್ ಬಾಗಿಲಿನ ತಟ್ಟೆಯಲ್ಲಿ ಇಡಿ, ಚುಚ್ಚುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ, ತಣ್ಣಗೆ ಇದ್ದರೆ ಉರಿಯುತ್ತದೆ ಅಂದರು. ನನ್ನ ಕಾರ್ಟ್ರಿಜ್ ವಾರದ ಒಳಗೆ ಮುಗಿಯುವುದರಿಂದ ಅಷ್ಟು ಹೆದರಿಕೆ ಇಲ್ಲ. ದಿನಕ್ಕೆ ಹತ್ತು ಯೂನಿಟ್ ತಗೊಳ್ಳುವವರು ಜಾಗ್ರತೆ, ತೆರೆದ ತಾರೀಕು ಡಬ್ಬಿ ಮೇಲೆ ಬರೆದಿಡಿ. ಸ್ಕೂಟರಿನ ಡಿಕ್ಕಿಯಲ್ಲಿ ಮಾತ್ರ ಯಾವತ್ತೂ ಇಡಬೇಡಿ. ಸೂಜಿ ಹಾಕಿಯೇ ಪೆನ್ ಇಡಬಾರದು ಅನ್ನುವುದಕ್ಕೂ ಕಾರಣ ಇದೆ, ಗಾಳಿ ಒಳಗೆ ಹೋಗಿ ಗುಳ್ಳೆ ಆಗುತ್ತದೆ, ಮದ್ದು ಸೋರುತ್ತದೆ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಸೆಕೆ ಹೋಯಿತು, ಕರೆಂಟು ಹೋಗಲು ಶುರುವಾಯಿತು. ಫ್ರಿಜ್ ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ತಂಪು ಉಳಿಯುತ್ತದೆ, ಅಷ್ಟಕ್ಕೆ ಗಾಬರಿ ಬೇಡ.

ಎಲ್ಲ ಸರಿಹೋಯಿತು ಅನ್ನುವಾಗ ಹೊಸ ಗ್ರಹಚಾರ. ಕಾರ್ಟ್ರಿಜ್ ಸ್ಟಾಕ್ ಇಲ್ಲ! ಉಡುಪಿಯಲ್ಲಿ ಇಲ್ಲ, ಮಣಿಪಾಲದಲ್ಲಿ ಇಲ್ಲ, ಮಗಳು ಹಂಪನಕಟ್ಟೆಯಲ್ಲಿ ಕೇಳಿದರೆ ಅಲ್ಲೂ ಇಲ್ಲ. ಆ ಕಂಪೆನಿ ಈ ಕಾರ್ಟ್ರಿಜ್ ನಿಲ್ಲಿಸುತ್ತಿದೆಯಂತೆ, ಬಾಟ್ಲಿ ಮಾತ್ರ ಬರುತ್ತದಂತೆ. ಪೆನ್ ಕೊಡುವಾಗ ಯಾರಾದರೂ ಹೇಳಬಹುದಿತ್ತಲ್ಲ? ಬೇರೆ ಕಂಪೆನಿಯ 30/70 ಸಿಗುತ್ತದೆ, ಒಳಗಿನ ಮದ್ದು ಅದೇ ಬಗೆ. ಆದರೆ ಈ ಪೆನ್ನಿಗೆ ಕೂರುವುದಿಲ್ಲ. ಮೊದಲ ಇನ್ಸುಲಿನ್ ಪೆನ್ ಬಂದದ್ದು 1985ರಲ್ಲಿ. ಅಂದಿನಿಂದ ಇಂದಿನವರೆಗೆ ಎಲ್ಲ ಕಂಪೆನಿಗಳಿಗೂ ಒಂದೇ ಅಳತೆ ಇಟ್ಟುಕೊಳ್ಳಲು ಆಗಲಿಲ್ಲ, ಮೊಬೈಲ್ ಚಾರ್ಜರಿಗಾದರೂ ಆಯಿತು. ಮತ್ತೆ ಡಾಕ್ಟರು, ಮತ್ತೆ ಹೊಸ ಚೀಟಿ, ಜೆರಾಕ್ಸ್, ಹೊಸ ಪೆನ್ನಿಗೆ ಕಾಯುವುದು. ಈ ಸಲ ಕಪಾಟಿನ ಮೇಲಿನ ಕೆಂಪು ಮುಚ್ಚಳದ ಸಿರಿಂಜ್ ಕೆಲಸಕ್ಕೆ ಬಂತು. 40ರ ಬಾಟ್ಲಿ ತಂದು, ಹೆಂಡತಿ ಗೆರೆ ನೋಡಿ ಎಳೆದುಕೊಟ್ಟಳು. ಡಾಕ್ಟರ ಚೀಟಿಯಲ್ಲೇ, ಕಾರ್ಟ್ರಿಜ್ ಸಿಗದಿದ್ದರೆ ಬಾಟ್ಲಿಯಲ್ಲಿ ಯಾವುದು ಎಷ್ಟು ಅಂತ ಒಂದು ಸಾಲು ಬರೆಸಿಟ್ಟುಕೊಂಡರೆ ಒಳ್ಳೆಯದು.

ಎರಡನೇ ಪೆನ್ ಸ್ವಲ್ಪ ಬೇರೆ. ಮೊದಲಿನದರಲ್ಲಿ ಮದ್ದು ಕಡಿಮೆ ಉಳಿದಿದ್ದರೂ 24 ತನಕ ತಿರುಗುತ್ತಿತ್ತು, ಒತ್ತುವಾಗ ಮಧ್ಯದಲ್ಲಿ ನಿಂತು ಬಾಕಿ ಎಷ್ಟು ಅಂತ ತೋರಿಸುತ್ತಿತ್ತು. ಬಾಕಿಯನ್ನು ಹೊಸ ಕಾರ್ಟ್ರಿಜ್ ಹಾಕಿ ಇನ್ನೊಮ್ಮೆ ಚುಚ್ಚಬೇಕು. ಎಲ್ಲ ಪೆನ್ನೂ ಹಾಗೆ ತೋರಿಸುವುದಿಲ್ಲ, ನಿಮ್ಮದು ಹೇಗೆ ಅಂತ ಮೊದಲ ದಿನವೇ ಕೇಳಿಕೊಳ್ಳಿ.

ಈಗ ಮದುವೆ, ಮೆಹಂದಿ ಅಂತ ಹೋದಾಗ ಪೆನ್ ಜೇಬಿನಲ್ಲಿ. 30/70 ಊಟಕ್ಕೆ ಅರ್ಧ ಗಂಟೆ ಮೊದಲು ತಗೊಳ್ಳಬೇಕು. ಆದರೆ ನಮ್ಮ ಮೆಹಂದಿ ಊಟ ಎಂಟಕ್ಕೆ ಅಂದರೆ ಹತ್ತಕ್ಕೆ. ಮನೆಯಿಂದ ಚುಚ್ಚಿಕೊಂಡು ಹೊರಡಬೇಡಿ. ಬಫೆಯ ಪಾತ್ರೆ ಹೊರಗೆ ಬರುವುದನ್ನು ಕಣ್ಣಾರೆ ನೋಡಿ, ಆಮೇಲೆ ಮೂಲೆಗೆ ಹೋಗಿ ಚುಚ್ಚಿಕೊಳ್ಳಿ. ಯಾರಾದರೂ ನೋಡಿದರೆ ನೋಡಲಿ.

ಇನ್ನು ಬಾಕಿ ಇರುವುದು ಬಳಸಿದ ಸೂಜಿಯ ಸಮಸ್ಯೆ. ಕಸದ ಗಾಡಿಗೆ ಹಾಗೇ ಹಾಕಿದರೆ ಕಸ ವಿಂಗಡಿಸುವವರ ಕೈಗೆ ಚುಚ್ಚುತ್ತದೆ. ನಾನು ದಪ್ಪ ಪ್ಲಾಸ್ಟಿಕ್‌ನ ಫಿನೈಲ್ ಬಾಟ್ಲಿಗೆ ಹಾಕಿ ಮುಚ್ಚಳ ಬಿಗಿ ಮಾಡಿ ಇಡುತ್ತೇನೆ. ರಕ್ತ ಕೊಡುವ ಲ್ಯಾಬಿನವರು ಅವರ ಸೂಜಿಯ ಜೊತೆ ಕಳಿಸುತ್ತೇವೆ ಅಂತ ಈಚೆಗೆ ಒಪ್ಪಿದ್ದಾರೆ. ಅದೂ ಪರಿಚಯದ ಮೇಲೆ. ಉಡುಪಿ ಮಂಗಳೂರು ಕಡೆ ಯಾರ ಸೂಜಿಯನ್ನಾದರೂ ಕೇಳದೆ ತಗೊಳ್ಳುವ ಜಾಗ ನಿಮಗೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ, ನನ್ನ ಎರಡನೇ ಬಾಟ್ಲಿಯೂ ಅರ್ಧ ತುಂಬಿದೆ.